ಪಕ್ಕದ ಸೀಟಿನ ಬ್ರೇಕು

ಒಂದು ಗಂಭೀರವಾದ ಸಂಗತಿಯನ್ನು ಮೊದಲಿಗೇ ತಿಳಿಸಿಬಿಡಬೇಕು. ಡ್ರೈವಿಂಗ್ ಮೇಷ್ಟರ ಬಲಗಾಲಿನ ಬೂಟು ಎಡಗಾಲಿನದಕ್ಕಿಂತ ಮುಂಚೆ ಸವೆದಿತ್ತು. ಇದಕ್ಕಿಂತ ಚಿಕ್ಕ ಕಾರಣಕ್ಕೆ ರಾಜ್ಯಗಳು ಉರುಳಿದ್ದನ್ನು ಇತಿಹಾಸ ಓದಿದವರು ಬಲ್ಲರು. ಒಂದು ಮನೆಯ ನೆಮ್ಮದಿ ಉರುಳಲು ಇಷ್ಟು ಧಾರಾಳವಾಯಿತು. ಎರಡೂ ಒಂದೇ ದಿನ ಒಂದೇ ಡಬ್ಬಿಯಿಂದ ಹೊರಬಂದ ಬೂಟುಗಳು. ಎಡದ್ದು ಇನ್ನೂ ಯಾರದಾದರೂ ಮದುವೆಗೆ ಹೋಗಿಬರುವಂತಿತ್ತು. ಬಲದ್ದರ ಅಟ್ಟೆ ಮಾತ್ರ ಹೆಬ್ಬೆರಳಿನ ಬುಡದಲ್ಲಿ ಕಾಗದದಷ್ಟು ತೆಳ್ಳಗಾಗಿತ್ತು.

ಕಂಡುಹಿಡಿದವಳು ಮೇಷ್ಟರ ಹೆಂಡತಿ. ಬಾಗಿಲ ಬಳಿ ಕೂತು ಧೂಳೊರೆಸುತ್ತಿದ್ದವಳು ಬಲಬೂಟಿನೊಳಗೆ ಕೈ ತೂರಿಸಿ ಬೆರಳಿನಿಂದ ಒತ್ತಿ ನೋಡಿದಳು.

"ಏನ್ರೀ, ದಿನವೆಲ್ಲ ಒಂಟಿಕಾಲಲ್ಲಿ ಕುಂಟಾಟ ಆಡ್ತೀರಾ?"

"ಬೂಟೇ ಸರಿಯಿಲ್ಲ. ಈಗಿನ ಮಾಲೇ ಹೀಗೆ."

"ಹಾಗಾದ್ರೆ ಎಡಗಾಲಿಂದು ಹಳೇ ಮಾಲಾ?"

ಮೇಷ್ಟರು ಪತ್ರಿಕೆಯನ್ನು ಮುಖದ ಮುಂದಕ್ಕೆ ಎತ್ತಿಕೊಂಡರು. ಮೂವತ್ತು ವರ್ಷದ ಸಂಸಾರದಲ್ಲಿ ಪತ್ರಿಕೆಯಿಂದ ಅವರಿಗೆ ಆಗಿದ್ದ ದೊಡ್ಡ ಉಪಕಾರ ಇದೇ.

ಮೇಷ್ಟರು ಕಾರು ಓಡಿಸುವುದನ್ನು ಕಲಿಸುವವರು. ಅವರ ಕಾರಿನ ನೆತ್ತಿಯ ಮೇಲೆ ಹಳದಿ ಹಲಗೆ, ಬೆನ್ನಿನ ಮೇಲೆ 'ಕಲಿಯುತ್ತಿದ್ದೇವೆ, ತಾಳ್ಮೆಯಿರಲಿ' ಎಂಬ ಬಿನ್ನಹ. ಕಲಿಯುವವರು ಸ್ಟೀರಿಂಗ್ ಹಿಡಿದರೆ ಮೇಷ್ಟರು ಪಕ್ಕದ ಸೀಟಿನಲ್ಲಿ ಕೂರುತ್ತಾರೆ. ಆ ಸೀಟಿನ ಕಾಲಬುಡದಲ್ಲೂ ಒಂದು ಬ್ರೇಕು ಇದೆ, ಕಲಿಯುವವರು ದಿಕ್ಕೆಟ್ಟಾಗ ಊರನ್ನು ಕಾಪಾಡುವುದಕ್ಕೆ. ಕೆಲಸ ಗೊತ್ತಿರುವ ಮೇಷ್ಟರು ಅದನ್ನು ಅಪರೂಪಕ್ಕೊಮ್ಮೆ ಒತ್ತುತ್ತಾರೆ; ಉಳಿದದ್ದನ್ನೆಲ್ಲ ಬಾಯಲ್ಲೇ ನಿಭಾಯಿಸುತ್ತಾರೆ. ಇವರಿಗಂತೂ ಬಾಯಿಯ ಬಗ್ಗೆ ದೊಡ್ಡ ಹೆಸರೇ ಇತ್ತು. ಊರಿನ ಅರ್ಧ ಜನ ಅವರಿಂದ ಬೈಸಿಕೊಂಡೇ ರಸ್ತೆಗಿಳಿದವರು.

ಹಿಂದಿನ ವರ್ಷ ಅವರ ತಮ್ಮ ತೀರಿಕೊಂಡಿದ್ದ. ಬೇಕರಿಯ ಬ್ರೆಡ್ಡನ್ನು ಅಂಗಡಿಯಿಂದ ಅಂಗಡಿಗೆ ಹಾಕುವ ವ್ಯಾನು ಅವನದು. ಬೆಳಗಿನ ಜಾವ ಹೊರಟಿದ್ದವನಿಗೆ ದೊಡ್ಡ ಕೂಡುರಸ್ತೆಯಲ್ಲಿ ಕೆಂಪು ದೀಪವನ್ನು ಲೆಕ್ಕಿಸದೆ ಬಂದ ಲಾರಿಯೊಂದು ಗುದ್ದಿತ್ತು. ವ್ಯಾನು ರಿಪೇರಿಯಾಗುವಂತಿತ್ತು, ರಿಪೇರಿ ಮಾಡಿಸಿದರು.

ಈಗ ಆ ವ್ಯಾನನ್ನು ತಾನೇ ಓಡಿಸುತ್ತೇನೆಂದು ತಮ್ಮನ ಹೆಂಡತಿ ಪಟ್ಟು ಹಿಡಿದಿದ್ದಳು. ಬೇಕರಿಯ ಯಜಮಾನ ಬ್ರೆಡ್ಡು ಹಾಕುವ ಆ ದಾರಿಯನ್ನು ಅವಳಿಗೆಂದು ತಿಂಗಳ ಕೊನೆಯವರೆಗೆ ಕಾದಿರಿಸಿದ್ದ. ಅಷ್ಟರಲ್ಲಿ ಲೈಸೆನ್ಸು ಬಾರದಿದ್ದರೆ ದಾರಿ ಬೇರೆಯವರ ಪಾಲು. ಅವಳು ಎರಡು ಸಲ ಪರೀಕ್ಷೆಗೆ ಹೋಗಿ ಎರಡು ಸಲವೂ ಫೇಲಾಗಿದ್ದಳು. ಉಳಿದಿದ್ದುದು ಸೋಮವಾರದ ಪರೀಕ್ಷೆ ಒಂದೇ.

ಮೊದಲ ಸಲ ಅವಳ ಕೈಯಲ್ಲಿದ್ದ ಸರ್ಕಾರಿ ಕಾರು ಯಾವ ಆತುರವೂ ಇಲ್ಲದೆ ಹೋಗಿ, ಅಡ್ಡ ಇಟ್ಟಿದ್ದ ಕೆಂಪು ಶಂಕುವನ್ನು ಅಪ್ಪಿಕೊಂಡಿತ್ತು. ಎರಡನೇ ಸಲ ಬಿಳಿ ಗೆರೆಯನ್ನು ದಾಟಿ, ನಿಂತಿದ್ದ ಇನ್ನೊಂದು ಗಾಡಿಯ ಯೋಗಕ್ಷೇಮ ವಿಚಾರಿಸಲು ಹೊರಟಾಗ ಪರೀಕ್ಷಕನೇ ಕೈಬ್ರೇಕು ಎಳೆದಿದ್ದ.

"ಬ್ರೇಕು ಅಂತ ಒಂದಿದೆ, ಕೇಳಿದ್ದೀಯೇನಮ್ಮಾ?" ಎಂದಿದ್ದನಂತೆ ಆತ.

"ಕೇಳಿದ್ದೀನಿ ಸಾರ್. ಆದ್ರೆ ನಮ್ಮ ಭಾವನ ಗಾಡಿ ಒಳ್ಳೇದು, ನಿಲ್ಲಬೇಕಾದ ಕಡೆ ಅದೇ ನಿಲ್ಲುತ್ತೆ. ನಿಮ್ಮದೇ ಯಾಕೋ ಮೊಂಡು" ಎಂದಿದ್ದಳಂತೆ ಇವಳು.

ಈ ಕಥೆಗೆ ಮನೆಯಲ್ಲಿ ಎಲ್ಲರೂ ನಕ್ಕಿದ್ದರು. ಸಾವಾದ ಮೇಲೆ ಆ ಮನೆಯಲ್ಲಿ ಕೇಳಿಬಂದ ಮೊದಲ ನಗು ಅದು. ಆದ್ದರಿಂದ ಯಾರೂ ಅದರ ಒಳಹೊಕ್ಕು ನೋಡಲಿಲ್ಲ. ಬೂಟು ಸಿಕ್ಕಿದ ದಿನ ಹೆಂಡತಿ ನೋಡಿದಳು. ಸವೆದ ಅಟ್ಟೆಯನ್ನೂ ಓರಗಿತ್ತಿಯ ಎರಡು ಸೋಲನ್ನೂ ಒಂದರ ಪಕ್ಕ ಒಂದು ಇಟ್ಟಳು.

"ರೀ, ಅವಳಿಗೆ ಬ್ರೇಕು ಒತ್ತೋಕೆ ಬರಲ್ಲ. ಒತ್ತುತ್ತಾ ಇರೋದು ನೀವು."

"ನಾನಾ? ಈ ಕಾಲು ಆ ಬ್ರೇಕನ್ನ ಮುಟ್ಟಿ ಎಷ್ಟು ಕಾಲವಾಯ್ತೋ!"

"ನಾಳೆ ನೋಡ್ಕೊಳ್ಳಿ. ಅಷ್ಟೇ ನಾನು ಹೇಳೋದು."

ಮರುದಿನ ಮೇಷ್ಟರು ನೋಡಿಕೊಂಡರು. ತಮ್ಮನ ಹೆಂಡತಿ ಅಂಚೆಕಚೇರಿಯ ತಿರುವಿಗೆ ಬಂದಳು, ಕಾರು ಮೆಲ್ಲಗೆ, ಘನತೆಯಿಂದ ನಿಂತಿತು. ಮೇಷ್ಟರು ಕೆಳಗೆ ಬಗ್ಗಿದರು. ಅವರ ಬಲಗಾಲು ಬ್ರೇಕಿನ ಮೇಲೆ, ಯಜಮಾನನಿಗೆ ಹೇಳದೆ ಕೇಳದೆ ನೆಂಟರ ಮನೆಗೆ ಹೋಗಿ ಕೂತ ಮುದುಕನಂತೆ ನಿಶ್ಚಿಂತೆಯಾಗಿ ಕೂತಿತ್ತು. ಅವರು ಅದನ್ನು ಎತ್ತಿ ಪಕ್ಕಕ್ಕಿಟ್ಟರು. ಮುಂದಿನ ತಿರುವಿನಲ್ಲಿ ಅದು ಮತ್ತೆ ಅಲ್ಲೇ ಇತ್ತು.

"ಏನು ಹುಡುಕ್ತಿದ್ದೀರಿ ಭಾವ?"

"ಏನಿಲ್ಲ. ನೀನು ರಸ್ತೆ ನೋಡು."

ಮೇಷ್ಟರಿಗೆ ಹೆದರಿಕೆಯಾಯಿತು. ತಮ್ಮದೇ ದೇಹದ ತುಂಡೊಂದು ತಮ್ಮ ಮಾತು ಕೇಳುತ್ತಿಲ್ಲ ಎಂಬುದನ್ನು, ಅದರಲ್ಲೂ ಎಲ್ಲರಿಗೂ ಮಾತು ಕೇಳುವುದನ್ನು ಕಲಿಸಿದವರಿಗೆ, ಒಪ್ಪಿಕೊಳ್ಳುವುದು ಸುಲಭವಲ್ಲ. ಆ ಬ್ರೇಕನ್ನೇ ಕಳಚಿಹಾಕೋಣವೆಂದರೆ ಆಮೇಲೆ ಆ ಕಾರಿನಲ್ಲಿ ಕಲಿಸುವಂತಿಲ್ಲ. ಎದುರು ಬೀದಿಯ ಸ್ಕೂಲಿಗೆ ಕಳಿಸೋಣವೆಂದರೆ, ಡ್ರೈವಿಂಗ್ ಮೇಷ್ಟರ ಮನೆಯ ಹೆಣ್ಣುಮಗಳು ಎದುರು ಬೀದಿಯಲ್ಲಿ ಕಲಿತಳು ಎಂಬ ಮಾತು ಅವರು ಸತ್ತ ಮೇಲೂ ಊರಲ್ಲಿ ಬದುಕಿರುತ್ತಿತ್ತು.

ದಾರಿ ತೋರಿಸಿದವಳೂ ಹೆಂಡತಿಯೇ. ಕನ್ನಡಕದ ಅಂಗಡಿಯ ಮಹಡಿಯ ಮೇಲೆ ಮನಸ್ಸಿನ ತೊಂದರೆಗಳಿಗೆ ಸಲಹೆ ಕೊಡುವ ಕೇಂದ್ರವೊಂದಿತ್ತು. 'ಒಂದೇ ಭೇಟಿ. ಮೊದಲೇ ತಿಳಿಸಬೇಕಿಲ್ಲ, ಬನ್ನಿ' ಎಂದು ಅದರ ಬೋರ್ಡು.

"ಒಂದೇ ಭೇಟೀಲಿ ಏನಾಗುತ್ತೆ? ನಾನು ಕ್ಲಚ್ಚು ಅರ್ಥ ಮಾಡಿಸೋಕೇ ಒಂದು ವಾರ ತಗೋತೀನಿ."

"ನೀವು ಎರಡನೇ ಸಲ ಹೋಗೋ ಆಸಾಮಿ ಅಲ್ಲ. ಅದಕ್ಕೇ ನಿಮಗೆ ಇದು ಸರಿ. ಎದ್ದೇಳಿ."

ಮೇಷ್ಟರು ಸಿದ್ಧರಾಗಿಯೇ ಹೋದರು. ಇಂಥ ಕಡೆ ಬಾಲ್ಯದ ಬಗ್ಗೆ ಕೇಳುತ್ತಾರೆಂದು ಎಲ್ಲೋ ಓದಿದ್ದರಿಂದ, ಮೆಟ್ಟಿಲು ಹತ್ತುತ್ತ ಬಾಲ್ಯದ ಮೇಲೆ ಒಮ್ಮೆ ಕಣ್ಣಾಡಿಸಿಕೊಂಡಿದ್ದರು. ಅಪ್ಪ ಹೊಡೆದದ್ದು ಯಾವುದಕ್ಕೆ, ಹೊಡೆಯದೆ ಬಿಟ್ಟದ್ದು ಯಾವುದಕ್ಕೆ ಎಂದು ಎರಡು ವಿಭಾಗ ಮಾಡಿಟ್ಟುಕೊಂಡಿದ್ದರು.

ಸಲಹೆಗಾರ್ತಿ ಅವರ ಮಗಳ ವಯಸ್ಸಿನವಳು. ಕೋಣೆಯಲ್ಲಿ ಎರಡು ಕುರ್ಚಿ, ಕಿಟಕಿ, ಬೂದುಬಣ್ಣದ ಜಮಖಾನೆ. ಅವಳು ಅಪ್ಪನ ಸುದ್ದಿಯನ್ನೇ ಎತ್ತಲಿಲ್ಲ.

"ಇವತ್ತು ಇಲ್ಲಿಂದ ಎದ್ದು ಹೋಗೋವಾಗ ಏನಾಗಿದ್ರೆ ಬಂದದ್ದು ಸಾರ್ಥಕವಾಯ್ತು ಅನ್ನಿಸುತ್ತೆ ನಿಮಗೆ?"

"ಈ ಕಾಲು ಸುಮ್ಮನಿದ್ರೆ ಸಾಕು" ಎಂದು ಮೇಷ್ಟರು ಬಲಮೊಣಕಾಲನ್ನು ತಟ್ಟಿ, ವಿಷಯವನ್ನೆಲ್ಲ ಹೇಳಿದರು. ಸೋಮವಾರದ ಪರೀಕ್ಷೆಯನ್ನೂ ಹೇಳಿದರು. ತಮ್ಮ ದೊಡ್ಡ ಕೂಡುರಸ್ತೆಯಲ್ಲಿ ತೀರಿಕೊಂಡ ಎಂಬುದನ್ನು, ಹವಾಮಾನ ವರದಿ ಓದುವವರಂತೆ, ನಡುವೆ ಒಂದು ಕಡೆ ಹೇಳಿ ಮುಂದೆ ಹೋದರು.

"ಸರಿ. ಕಾಲಿನ ಬಗ್ಗೆಯೇ ಮಾತಾಡೋಣ" ಎಂದಳು ಆಕೆ. "ನೀವು ಮತ್ತೆ ಬರೋದೇ ಇಲ್ಲ ಅನ್ನೋ ಹಾಗೆ ನಾನು ಕೆಲಸ ಮಾಡ್ತೀನಿ. ಬರಬೇಕು ಅನ್ನಿಸಿದ್ರೆ ಬಾಗಿಲು ತೆಗೆದಿರುತ್ತೆ, ಅದು ಬೇರೆ. ಆದ್ರೆ ಇವತ್ತು ಹೇಳಬೇಕಾದ್ದನ್ನ ಮುಂದಿನ ವಾರಕ್ಕೆ ಅಂತ ಎತ್ತಿಡೋದು ಬೇಡ, ನೀವೂ ಬೇಡ, ನಾನೂ ಬೇಡ."

"ಅಷ್ಟರಲ್ಲಿ ವಾಸಿಯಾಗಿಬಿಡುತ್ತಾ?"

"ಎಲ್ಲ ವಾಸಿ ಮಾಡ್ತೀನಿ ಅಂತ ನಾನು ಹೇಳಲ್ಲ. ನೀವು ಅಲ್ಲಾಡದೆ ನಿಂತಿದ್ದೀರಿ. ಒಂದಿಷ್ಟು ಮುಂದಕ್ಕೆ ಹೋದ್ರೆ ಆಮೇಲಿನ ದಾರಿ ನಿಮಗೇ ಕಾಣುತ್ತೆ. ಬಹಳ ಜನಕ್ಕೆ ಅಷ್ಟು ಸಾಕಾಗುತ್ತೆ. ಕೆಲವರಿಗೆ ಸಾಕಾಗಲ್ಲ, ಅವರು ಮತ್ತೆ ಬರ್ತಾರೆ."

ಮೇಷ್ಟರಿಗೆ ಈ ಮಾತು ಹಿಡಿಸಿತು. ಬಡಾಯಿ ಕೊಚ್ಚದ ಮೇಷ್ಟರನ್ನು ಅವರು ತಮ್ಮ ವೃತ್ತಿಯಲ್ಲೂ ಹೆಚ್ಚು ಕಂಡವರಲ್ಲ.

"ಕಾಲು ಬ್ರೇಕಿನ ಕಡೆ ಹೋಗದೆ ಇರೋ ಹೊತ್ತು ಯಾವುದಾದ್ರೂ ಇದೆಯಾ?"

ಇಂಥ ಪ್ರಶ್ನೆ ಅವರು ನಿರೀಕ್ಷಿಸಿರಲಿಲ್ಲ. ತೊಂದರೆ ಯಾವಾಗ ಇಲ್ಲ ಎಂದು ಯಾರು ಕೇಳುತ್ತಾರೆ? ಯೋಚಿಸಿದರು. "ರಿವರ್ಸಲ್ಲಿ ಹೋಗಲ್ಲ. ಹಿಂದೆ ತಿರುಗಿ ಕೂತಿರ್ತೀನಿ ನೋಡಿ, ಕಾಲು ಸೀಟಿನ ಕಡೆಗೆ ಎಳ್ಕೊಂಡಿರ್ತೀನಿ. ಮತ್ತೆ ರಿವರ್ಸಲ್ಲಿ ಬಾಯಿ ಬಿಡದೆ ಆಗೋದೇ ಇಲ್ಲ. ಎಡಕ್ಕೆ, ಬಲಕ್ಕೆ, ಸಾಕು, ಅಯ್ಯೋ ಗೋಡೆ, ಅಂತ."

"ಮುಂದಕ್ಕೆ ಹೋಗೋವಾಗ?"

"ಆಗ ಮಾತಾಡಲ್ಲ."

"ಯಾವಾಗ್ಲೂ ಹಾಗೇನಾ?"

"ಏ, ಇಲ್ಲ! ಮೊದಲೆಲ್ಲ ಬಾಯಲ್ಲೇ ಗಾಡಿ ನಿಲ್ಲಿಸ್ತಿದ್ದೆ. ಬ್ರೇಕು ಅಂತ ನಾನು ಕೂಗಿದ್ರೆ ಪಕ್ಕದ ಗಾಡಿಯವನೂ ಒತ್ತಬೇಕು. ನನ್ನ ತಮ್ಮ ಕಲಿಯೋವಾಗ ರೇಗಿಸ್ತಿದ್ದ, ಅಣ್ಣಾ, ಮೊದಲು ನಿನ್ನ ಬಾಯಿಗೊಂದು ಬ್ರೇಕು ಹಾಕ್ಸು ಅಂತ..."

ಅಲ್ಲಿಗೆ ಮಾತು ನಿಂತಿತು. ಸಲಹೆಗಾರ್ತಿ ಅದನ್ನು ತಳ್ಳಿ ಮುಂದಕ್ಕೆ ಓಡಿಸಲು ಹೋಗಲಿಲ್ಲ. ಕೆಳಗಿನ ಕನ್ನಡಕದ ಅಂಗಡಿಯಲ್ಲಿ ಯಾರೋ ಗೋಡೆಯ ಮೇಲಿನ ಅಕ್ಷರಗಳನ್ನು ಒಂದೊಂದಾಗಿ ಓದುತ್ತಿದ್ದರು, ಕೊನೆಯ ಸಾಲಿನಲ್ಲಿ ತಡವರಿಸಿದರು.

"ಒಂದು ಕೆಲಸ ಮಾಡೋಣ" ಎಂದು ಆಕೆ ಎದ್ದು, ತನ್ನ ಕುರ್ಚಿಯನ್ನು ಎಳೆದು ಅವರ ಕುರ್ಚಿಯ ಪಕ್ಕಕ್ಕೆ, ಕಿಟಕಿಯ ಕಡೆ ಮುಖ ಮಾಡಿ ಹಾಕಿದಳು. "ನಾನು ಕಲಿಯೋಕೆ ಬಂದಿದ್ದೀನಿ. ನಿಜಕ್ಕೂ ನನಗೆ ಬರಲ್ಲ. ಹೊರಡ್ಲಾ?"

"ಸೀಟ್ ಬೆಲ್ಟು" ಎಂದರು ಮೇಷ್ಟರು, ಅಭ್ಯಾಸಬಲದಿಂದ.

ಆಕೆ ಇಲ್ಲದ ಬೆಲ್ಟನ್ನು ಹಾಕಿಕೊಂಡು ಇಲ್ಲದ ಸ್ಟೀರಿಂಗನ್ನು ಹಿಡಿದಳು. ಪದವಿ ಪಡೆದ ಹೆಂಗಸು ಹಾಡುಹಗಲಲ್ಲಿ ಬರಿಗೈಯಲ್ಲಿ ಕಾರು ಓಡಿಸುವುದನ್ನು ನೋಡಿ ಮೇಷ್ಟರಿಗೆ ನಗು ಬಂತು. ಗೇರಿನ ಕೈಯನ್ನು ಆಕೆ ತಪ್ಪಾದ ಕಡೆ ಚಾಚಿದಾಗ ಸಿಟ್ಟೂ ಬಂತು. "ನೇರ ರಸ್ತೆ" ಎಂದಳು ಆಕೆ. "ಅಂಗಡಿಗಳು. ಜನ ಇಲ್ಲ. ಈಗ ದೊಡ್ಡ ಕೂಡುರಸ್ತೆ ಕಾಣ್ತಾ ಇದೆ."

ಇಬ್ಬರೂ ಕೆಳಗೆ ನೋಡಿದರು. ಮೇಷ್ಟರ ಬಲಗಾಲು ಜಮಖಾನೆಯನ್ನು ನೆಲಕ್ಕೆ ಒತ್ತಿ ಹಿಡಿದಿತ್ತು. ಬಟ್ಟೆ ಬೂಟಿನ ಮುಂದೆ ಅಲೆಯಾಗಿ ಎದ್ದಿತ್ತು.

"ಅವನು ಒತ್ತಿದ್ದ" ಎಂದರು ಮೇಷ್ಟರು.

ಆಕೆ ಸ್ಟೀರಿಂಗಿನಿಂದ ಕೈ ತೆಗೆಯಲಿಲ್ಲ.

"ರಸ್ತೆ ಮೇಲೆ ಗುರುತಿತ್ತು. ಟೈರಿಂದು, ಕರ್ರಗೆ. ಎರಡು ಗೆರೆ, ಎಲ್ಲೂ ಸೊಟ್ಟ ಇಲ್ಲ. ಎಲ್ಲರೂ ಆಸ್ಪತ್ರೆಗೆ ಹೋದ್ರು, ನಾನು ಆ ಗೆರೆ ನೋಡ್ತಾ ನಿಂತೆ. ಅದರ ಪಕ್ಕದಲ್ಲೇ ಈ ತುದಿಯಿಂದ ಆ ತುದಿಗೆ ನಡೆದೆ. ಸ್ವಲ್ಪ ಮುಂಚೆ ಒತ್ತಿದ್ರೆ... ಸ್ವಲ್ಪ ಅಂದ್ರೆ ಸ್ವಲ್ಪ..." ಅವರು ಗಾಳಿಯಲ್ಲಿ ಗೇಣು ತೋರಿಸಿದರು. ತೋರಿಸಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಹಾಗೇ ಹಿಡಿದುಕೊಂಡರು. "ಮಳೆ ಬಂದು ಅದು ಅಳಿಸಿಹೋಯ್ತು. ನನಗೆ ಈಗಲೂ ಕಾಣುತ್ತೆ."

ನಿಮ್ಮ ತಪ್ಪಲ್ಲ ಎಂದು ಆಕೆ ಹೇಳುತ್ತಾಳೆಂದು ಮೇಷ್ಟರು ಕಾದರು. ಒಂದು ವರ್ಷದಿಂದ ನೆಂಟರಿಷ್ಟರೆಲ್ಲ ಹೇಳಿದ್ದು ಅದನ್ನೇ, ಅದಕ್ಕೆ ಕೊಡಬೇಕಾದ ಉತ್ತರ ಅವರ ಬಳಿ ಸಿದ್ಧವಾಗಿತ್ತು. ಆಕೆ ಹೇಳಿದ್ದು ಬೇರೆ.

"ಹಾಗಾದ್ರೆ ಅವರಿಗೆ ಬ್ರೇಕು ಬರ್ತಿತ್ತು."

ಮೇಷ್ಟರು ಗಾಳಿಯಲ್ಲಿ ಹಿಡಿದಿದ್ದ ಕೈಯನ್ನು ಮೊಣಕಾಲ ಮೇಲೆ ಇಳಿಸಿದರು. "ಬರ್ತಿತ್ತು" ಎಂದರು. "ಚೆನ್ನಾಗಿ ಬರ್ತಿತ್ತು. ಗೆರೆ ನೇರವಾಗಿತ್ತಲ್ಲ... ಹೆದರಿದವನು ಒತ್ತಿದ್ರೆ ಹಾಗೆ ಬರಲ್ಲ. ನಾನೇ ಕಲಿಸಿದ್ದು." ಅವರ ಮೂಗು ಸೋರತೊಡಗಿತು. ಕರವಸ್ತ್ರ ತೆಗೆದು, ಅದು ನೆಗಡಿಯೆಂಬಂತೆ ಸಶಬ್ದವಾಗಿ ಒರೆಸಿಕೊಂಡರು.

"ಈಗ ಗಾಡೀಲಿರೋರಿಗೆ?"

"ಅವಳಿಗೆ ಬರಲ್ಲ." ಕರವಸ್ತ್ರವನ್ನು ಜೇಬಿಗೆ ತುರುಕಿ, "ನಾನು ಕಲಿಸಿಲ್ಲ" ಎಂದರು.

ಆಕೆ ಮತ್ತೆ ಹೊರಟಳು. ಮೇಷ್ಟರಿಗೆ ಯಾರೂ ಹೇಳಲಿಲ್ಲ, ಆದರೂ ರಿವರ್ಸಿನಲ್ಲಿ ಕೂರುವಂತೆ ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡರು. ಅಂಗಡಿಗಳು ಬಂದವು, ಕೂಡುರಸ್ತೆ ಬಂತು. ಮೇಷ್ಟರ ತುಟಿ ಅಲ್ಲಾಡಿತು.

"ನನಗೆ ಕೇಳಿಸಲಿಲ್ಲ, ನಾನು ಗುದ್ದಿದೆ" ಎಂದಳು ಆಕೆ. "ಇನ್ನೊಂದು ಸಲ."

ಇನ್ನೊಂದು ಸಲ ಮೇಷ್ಟರು "ಬ್ರೇಕು!" ಎಂದರು. ಒಂದು ವರ್ಷ ಗಂಟಲಲ್ಲಿ ಕೂತಿದ್ದ ಮಾತು ಬರಬೇಕಾದ ರಭಸದಲ್ಲೇ ಬಂತು. ಸಲಹೆಗಾರ್ತಿ ಎರಡೂ ಕಾಲನ್ನು ನೆಲಕ್ಕೆ ಅಪ್ಪಳಿಸಿದಳು. ಕೆಳಗೆ ಅಕ್ಷರ ಓದುತ್ತಿದ್ದವರು ನಿಲ್ಲಿಸಿದರು. ಪಕ್ಕದ ಕೋಣೆಯವರು ಬಾಗಿಲು ತೆರೆದು, ಏನಾದರೂ ಬೇಕೇ ಎಂದು ಕೇಳಿದರು.

"ಎರಡು ಕಾಲಲ್ಲ, ಒಂದೇ ಕಾಲು" ಎಂದು ಮೇಷ್ಟರು ಆಕೆಯನ್ನು ತಿದ್ದಿದರು.

ಏಳುವ ಮೊದಲು ಆಕೆ, ಇಲ್ಲಿಂದ ಏನನ್ನು ತೆಗೆದುಕೊಂಡು ಹೋಗುತ್ತೀರಿ, ನಾಳೆ ಏನು ಮಾಡುತ್ತೀರಿ ಎಂದು ಕೇಳಿದಳು. ಕಾಲನ್ನು ಸೀಟಿನ ಕೆಳಗೆ ಇಟ್ಟುಕೊಳ್ಳುತ್ತೇನೆ, ಬಾಯಿ ಬಿಡುತ್ತೇನೆ, ಮೊದಲು ಅವಳಿಗೆ ವಿಷಯ ಹೇಳುತ್ತೇನೆ ಎಂದರು ಮೇಷ್ಟರು. ಹೇಳುವುದೇ ಕಷ್ಟ ಎಂದೂ ಸೇರಿಸಿದರು. ಕಷ್ಟವೇ ಎಂದು ಆಕೆ ಒಪ್ಪಿಕೊಂಡಳು. ಮುಂದಿನ ಸಲ ಯಾವಾಗ ಎಂದು ಅವರು ಕೇಳಿದ್ದಕ್ಕೆ, ಬೇಕೆನಿಸಿದಾಗ ಎಂದಳು. ಮೇಷ್ಟರಿಗೆ ಸ್ವಲ್ಪ ನಿರಾಸೆಯೇ ಆಯಿತು. ಇಷ್ಟು ಬೇಗ ಅವರನ್ನು ಯಾರೂ ಪಾಸು ಮಾಡಿರಲಿಲ್ಲ.

ಶನಿವಾರ ಬೆಳಿಗ್ಗೆ ಕಾರು ಹೊರಡುವ ಮೊದಲೇ ಅವರು ತಮ್ಮನ ಹೆಂಡತಿಗೆ ಹೇಳಿಬಿಟ್ಟರು.

"ನೋಡಮ್ಮಾ, ನಿನಗೆ ಬ್ರೇಕು ಹಾಕೋಕೆ ಬರಲ್ಲ. ಇಷ್ಟು ದಿನ ಹಾಕಿದ್ದು ನಾನು."

ಅವಳಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವಳು ಸ್ಟೀರಿಂಗಿನ ಮೇಲಿದ್ದ ಕೈಗಳನ್ನು ಮಡಿಲಿಗೆ ಹಾಕಿಕೊಂಡಳು.

"ಅಂದ್ರೆ ಎರಡು ಸಲ ಫೇಲ್ ಮಾಡಿಸಿದ್ದು ನೀವಾ ಭಾವ?"

"ಹೂಂ."

"ಆ ಪರೀಕ್ಷಕನ ಹತ್ರ ನಿಮ್ಮ ಗಾಡೀನ ಹಾಡಿ ಹೊಗಳಿದ್ನಲ್ಲ ನಾನು!"

"ಹೂಂ."

"ನನಗೆ ಅನ್ನಿಸ್ತಿತ್ತು, ನನ್ನ ಕೈ ನಮ್ಮ ಮನೆಯವರ ಕೈ ಹಾಗೇ ಇದೆ ಅಂತ. ಅಷ್ಟು ಚೆನ್ನಾಗಿ ನಿಲ್ಲುತ್ತಲ್ಲ ಅಂತ." ಅವಳು ಮುಖವನ್ನು ಆಚೆ ತಿರುಗಿಸಿದಳು. ಆಮೇಲೆ ಅವಳೇ ಸೆರಗಿನಿಂದ ಮುಖ ಒರೆಸಿಕೊಂಡು ಕೀಲಿ ತಿರುಗಿಸಿದಳು.

"ಕಾಲು ಮೇಲಿಡಿ ಭಾವ. ನನಗೆ ಕಾಣಬೇಕು."

ಹಾಗಾಗಿ ಐವತ್ತು ದಾಟಿದ ಡ್ರೈವಿಂಗ್ ಮೇಷ್ಟರು ಬೂಟು ಬಿಚ್ಚಿ, ಸೀಟಿನ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು ಊರಿನ ರಸ್ತೆಗಳಲ್ಲಿ ಮೆರವಣಿಗೆ ಹೋದರು. ಗುರುತಿನವರು ಕೈಯೆತ್ತಿ ಕೇಳಿದರು, ಬೆನ್ನು ನೋವಾ ಎಂದು. ಮೊದಲ ತಿರುವಿನಲ್ಲಿ ಮೇಷ್ಟರು ಕೂಗಿದರು, ಅವಳು ಬೆಚ್ಚಿ ಒತ್ತಿದಳು, ಕಾರು ಕಪ್ಪೆಯಂತೆ ನೆಗೆದು ನಿಂತು, ಎಂಜಿನ್ನು ಬಂದ್ ಆಯಿತು. ಮೇಷ್ಟರ ಕನ್ನಡಕ ಗಾಜಿಗೆ ಹೋಗಿ ಬಡಿಯಿತು. ಎರಡನೆಯದೂ ಹಾಗೇ. ಹಿಂದಿನಿಂದ ಬರುತ್ತಿದ್ದವರು ತಾಳ್ಮೆಯ ಬಿನ್ನಹವನ್ನು ಓದಿಯೂ ಹಾರ್ನು ಹೊಡೆದರು. ಮಧ್ಯಾಹ್ನದ ಹೊತ್ತಿಗೆ ಕಾರು ನಿಲ್ಲುವುದಕ್ಕೂ ಬೀಳುವುದಕ್ಕೂ ವ್ಯತ್ಯಾಸ ಕಾಣತೊಡಗಿತು.

ಭಾನುವಾರ ಅವಳು ಕೇಳದೆಯೇ ದೊಡ್ಡ ಕೂಡುರಸ್ತೆಯ ಕಡೆ ತಿರುಗಿಸಿದಳು. "ಬ್ರೆಡ್ಡಿನ ದಾರಿ ಇದೇ ಅಲ್ವಾ" ಎಂದಳಷ್ಟೆ. ಮೇಷ್ಟರ ಬಲಗಾಲು ಎಡತೊಡೆಯ ಕೆಳಗಿನಿಂದ ಬ್ರೇಕಿನ ಕಡೆ ಹೊರಟಿತು. ಅವರು ಅದನ್ನು ಎರಡೂ ಕೈಯಿಂದ ಹಿಡಿದುಕೊಂಡರು. ದೀಪ ಹಸಿರಾಗಿಯೇ ಇತ್ತು. ಬಲದ ರಸ್ತೆಯಲ್ಲಿ ಒಂದು ಟ್ಯಾಂಕರು ನಿಲ್ಲುವ ಮನಸ್ಸಿದೆಯೋ ಇಲ್ಲವೋ ಎಂಬಂತೆ ಬರುತ್ತಿತ್ತು. ಮೇಷ್ಟರು ಬಾಯಿ ತೆರೆದರು. ಮಾತು ಹೊರಬರುವ ಮುಂಚೆ ಕಾರು ಮೆಲ್ಲಗೆ ಮುಂದಕ್ಕೆ ಬಾಗಿ, ಬಿಳಿ ಗೆರೆಯ ಈಚೆಗೆ ನಿಂತಿತು. ಟ್ಯಾಂಕರು ಕೂಡ ನಿಂತಿತು. ಅದರ ಚಾಲಕ, ಹಸಿರಿದ್ದರೂ ನಿಂತ ಇವರನ್ನು ನೋಡಿ ಹೋಗಿ ಎಂದು ಕೈ ಬೀಸಿದ.

"ನಾನು ಹೇಳಿರಲಿಲ್ಲ" ಎಂದರು ಮೇಷ್ಟರು.

"ಗೊತ್ತು" ಎಂದಳು ಅವಳು. ಹಿಂದಿನವರು ಹಾರ್ನು ಹೊಡೆಯುವವರೆಗೂ ಇಬ್ಬರೂ ಆ ರಸ್ತೆಯನ್ನೇ ನೋಡುತ್ತಿದ್ದರು. ಆಮೇಲೆ ಅವಳು ಗೇರು ಹಾಕಿದಳು.

ಸೋಮವಾರದ ಪರೀಕ್ಷೆಯಲ್ಲಿ ಅವಳು ಪಾಸಾದಳು. ಮೇಷ್ಟರ ಕಾಲು ಬೇರೆಯವರಿಗೆ ಕಲಿಸುವಾಗ ಇನ್ನೂ ಆಗೊಮ್ಮೆ ಈಗೊಮ್ಮೆ ಬ್ರೇಕಿನ ಕಡೆ ಹೋಗುತ್ತದೆ. ಅವರು ಕೇಂದ್ರಕ್ಕೆ ಮತ್ತೆ ಹೋಗಲಿಲ್ಲ. ವ್ಯಾನು ಆ ವಾರವೇ ಓಡತೊಡಗಿತು.